ಸೇಡಿನ ಲೆಕ್ಕ ಯಾರ ಹೆಸರಿಗೆ? ‘ದಿ ಬಿಗ್ ಹೀಟ್’ ಚಿತ್ರದ ಒಂದು ಪ್ರಕರಣ ಅಧ್ಯಯನ

ಅಮೆರಿಕದ ಚಲನಚಿತ್ರೋದ್ಯಮ 1930ರಲ್ಲಿ ತನಗೆ ತಾನೇ ವಿಧಿಸಿಕೊಂಡು, 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ತಂದ ನಿರ್ಮಾಣ ಸಂಹಿತೆಯಲ್ಲಿ ಸೇಡಿನ ಬಗ್ಗೆ ಒಂದು ಚಿಕ್ಕ ನಿಯಮವಿತ್ತು. ಆಧುನಿಕ ಕಾಲದ ಕತೆಯಲ್ಲಿ ಸೇಡನ್ನು ಸರಿಯೆಂದು ಸಮರ್ಥಿಸಕೂಡದು ಎಂಬುದು ಅದರ ಸಾರ. ನಾಗರಿಕತೆ ಇನ್ನೂ ಬೆಳೆಯದ ದೇಶಕಾಲಗಳ ಕತೆಗಳಲ್ಲಿ, ಅದರಲ್ಲೂ ಅಪರಾಧವನ್ನು ಶಿಕ್ಷಿಸುವ ಕಾನೂನೇ ಇಲ್ಲದ ಜಾಗಗಳಲ್ಲಿ, ಸೇಡನ್ನು ತೋರಿಸಬಹುದು ಎಂಬ ವಿನಾಯಿತಿಯನ್ನೂ ಅದೇ ಸಂಹಿತೆ ಕೊಟ್ಟಿತ್ತು. ಕುದುರೆ ಏರಿ ಊರಿಂದೂರಿಗೆ ಹಗೆಯನ್ನು ಬೆನ್ನಟ್ಟುವ ವೆಸ್ಟರ್ನ್ ಚಿತ್ರಗಳ ನಾಯಕನಿಗೆ ಈ ವಿನಾಯಿತಿ ಸಿಕ್ಕಿತು. ಪೊಲೀಸ್ ಠಾಣೆ, ನ್ಯಾಯಾಲಯ, ದೂರವಾಣಿ, ಪತ್ರಿಕೆ ಎಲ್ಲವೂ ಇರುವ ನಗರದ ನಾಯಕನಿಗೆ ಸಿಗಲಿಲ್ಲ. ಆದರೂ ಎರಡನೆಯ ಮಹಾಯುದ್ಧದ ಹಿಂದುಮುಂದಿನ ವರ್ಷಗಳ ಅಪರಾಧ ಚಿತ್ರಗಳನ್ನು, ಅಂದರೆ ಫ್ರೆಂಚ್ ವಿಮರ್ಶಕರು 1946ರಿಂದ ಫಿಲ್ಮ್ ನ್ವಾರ್ ಎಂದು ಕರೆಯತೊಡಗಿದ ಚಿತ್ರಗಳನ್ನು ನೋಡುತ್ತ ಹೋದರೆ, ಅಲ್ಲಿ ಹೆಜ್ಜೆಹೆಜ್ಜೆಗೂ ಸೇಡೇ ಎದುರಾಗುತ್ತದೆ. ನಿಷಿದ್ಧವಾದದ್ದು ಇಷ್ಟು ಧಾರಾಳವಾಗಿ ಒಳಗೆ ಬಂದದ್ದು ಹೇಗೆ, ಒಳಗೆ ಬರುವಾಗ ಅದು ಯಾವ ರೂಪ ತಾಳಿತು, ಅದಕ್ಕೆ ಬೆಲೆ ತೆತ್ತವರು ಯಾರು ಎಂಬುದನ್ನು ಒಂದೇ ಚಿತ್ರವನ್ನು ಹಿಡಿದು ಪರಿಶೀಲಿಸುವುದು ಈ ಬರಹದ ಉದ್ದೇಶ.

ಆಯ್ದುಕೊಂಡ ಚಿತ್ರ 1953ರ ‘ದಿ ಬಿಗ್ ಹೀಟ್’. ಕೊಲಂಬಿಯಾ ಸಂಸ್ಥೆಗಾಗಿ ಇದನ್ನು ನಿರ್ದೇಶಿಸಿದವರು ಫ್ರಿಟ್ಜ್ ಲ್ಯಾಂಗ್. ವಿಲಿಯಂ ಪಿ. ಮೆಕ್‌ಗಿವರ್ನ್ ಅವರ ಧಾರಾವಾಹಿ ಕತೆಯನ್ನು ಆಧರಿಸಿ ಚಿತ್ರಕಥೆ ಬರೆದ ಸಿಡ್ನಿ ಬೋಮ್ ಒಂದು ಕಾಲಕ್ಕೆ ಅಪರಾಧ ವರದಿಗಾರರಾಗಿದ್ದವರು. ಛಾಯಾಗ್ರಾಹಕ ಚಾರ್ಲ್ಸ್ ಲ್ಯಾಂಗ್ ಅವರಿಗೂ ನಿರ್ದೇಶಕರಿಗೂ ಇದ್ದದ್ದು ಹೆಸರಿನ ಸಾಮ್ಯವಷ್ಟೇ. ಗ್ಲೆನ್ ಫೋರ್ಡ್, ಗ್ಲೋರಿಯಾ ಗ್ರಹಾಂ, ಲೀ ಮಾರ್ವಿನ್ ಮುಖ್ಯ ಪಾತ್ರಗಳಲ್ಲಿದ್ದಾರೆ. ಸುಮಾರು 90 ನಿಮಿಷದ ಈ ಚಿತ್ರವನ್ನು 2011ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಲಾಯಿತು.

ಸೇಡು ಲ್ಯಾಂಗ್ ಅವರಿಗೆ ಹೊಸ ವಸ್ತುವಾಗಿರಲಿಲ್ಲ. ಜರ್ಮನಿಯಲ್ಲಿದ್ದಾಗ, 1924ರಲ್ಲಿ, ಗಂಡನ ಕೊಲೆಗೆ ಪ್ರತಿಯಾಗಿ ತನ್ನ ಕುಲವನ್ನೇ ಬೆಂಕಿಗೆ ಒಡ್ಡುವ ಕ್ರೀಮ್‌ಹಿಲ್ಡಳ ಪುರಾಣಕತೆಯನ್ನು ಅವರು ತೆರೆಗೆ ತಂದಿದ್ದರು. ಅಮೆರಿಕಕ್ಕೆ ಬಂದ ಮೇಲಿನ ಅವರ ಮೊದಲ ಚಿತ್ರದಲ್ಲಿ, 1936ರಲ್ಲಿ, ಜನರ ಗುಂಪು ಸುಟ್ಟು ಕೊಲ್ಲಲು ಹೋದಾಗ ಹೇಗೋ ಬದುಕುಳಿದ ಮನುಷ್ಯನೊಬ್ಬ ತಾನು ಸತ್ತೆನೆಂದೇ ಲೋಕ ನಂಬುವಂತೆ ಮಾಡಿ, ತನ್ನ ‘ಕೊಲೆ’ಗಾಗಿ ಆ ಗುಂಪಿನವರಿಗೆ ಮರಣದಂಡನೆಯಾಗುವುದನ್ನು ಕಾಯುತ್ತ ಕೂರುತ್ತಾನೆ. ಸೇಡು ನ್ಯಾಯವೇ ಅನ್ಯಾಯವೇ ಎಂಬ ಪ್ರಶ್ನೆಯಲ್ಲಿ ಲ್ಯಾಂಗ್ ಅವರಿಗೆ ಹೆಚ್ಚು ಆಸಕ್ತಿಯಿದ್ದಂತೆ ಕಾಣುವುದಿಲ್ಲ. ಸೇಡಿಗೆ ಬಿದ್ದವನು ಕಾನೂನನ್ನೇ ಹೇಗೆ ತನ್ನ ಆಯುಧವಾಗಿಸಿಕೊಳ್ಳುತ್ತಾನೆ, ಯಾರಿಗೂ ತಿಳಿಯದಂತೆ ತನ್ನ ಕೆಲಸವನ್ನು ಬೇರೆಯವರ ಕೈಯಿಂದ ಹೇಗೆ ಮಾಡಿಸುತ್ತಾನೆ ಎಂಬುದೇ ಅವರನ್ನು ಕಾಡಿದ ವಿಷಯ.

ಪ್ರಕರಣದ ವಿವರ

ಕತೆ ನಡೆಯುವುದು ಕೆನ್‌ಪೋರ್ಟ್ ಎಂಬ ಕಲ್ಪಿತ ನಗರದಲ್ಲಿ. ಟಾಮ್ ಡಂಕನ್ ಎಂಬ ಪೊಲೀಸ್ ಅಧಿಕಾರಿ ರಾತ್ರಿ ತನ್ನ ಮೇಜಿನ ಮುಂದೆ ಕುಳಿತು ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಜಿಲ್ಲಾ ಸರ್ಕಾರಿ ವಕೀಲರ ಹೆಸರಿಗೆ ಬರೆದ ಪತ್ರವೊಂದು ಮೇಜಿನ ಮೇಲಿದೆ. ನಗರವನ್ನು ಮುಷ್ಟಿಯಲ್ಲಿಟ್ಟುಕೊಂಡಿರುವ ಮೈಕ್ ಲಗಾನಾನಿಂದ ತಾನು ಲಂಚ ತಿಂದದ್ದನ್ನು, ಲಗಾನಾನ ಹಿಡಿತ ಪೊಲೀಸ್ ಇಲಾಖೆಯಲ್ಲಿ ಎಲ್ಲಿಯವರೆಗೆ ಚಾಚಿದೆ ಎಂಬುದನ್ನು ಡಂಕನ್ ಅದರಲ್ಲಿ ಒಪ್ಪಿಕೊಂಡಿದ್ದಾನೆ. ಮಹಡಿಯಿಂದ ಇಳಿದು ಬಂದ ಅವನ ಹೆಂಡತಿ ಬರ್ತಾ ಗಂಡನ ಹೆಣದ ಪಕ್ಕದಲ್ಲೇ ನಿಂತು ಆ ಪತ್ರವನ್ನು ಓದುತ್ತಾಳೆ. ಅಳುವುದಿಲ್ಲ, ಯಾರನ್ನೂ ಕೂಗಿ ಕರೆಯುವುದಿಲ್ಲ. ಮೊದಲ ಕರೆಯನ್ನು ಪೊಲೀಸರಿಗೆ ಮಾಡದೆ ಲಗಾನಾನ ಮನೆಗೆ ಮಾಡುತ್ತಾಳೆ. ಪತ್ರವನ್ನು ಸುರಕ್ಷಿತ ಜಾಗದಲ್ಲಿಟ್ಟು, ತಾನು ಸತ್ತರೆ ಅದು ತಾನಾಗಿಯೇ ಹೊರಬೀಳುವಂತೆ ಏರ್ಪಾಡು ಮಾಡಿಕೊಂಡು, ಲಗಾನಾನಿಂದ ಹಣ ವಸೂಲು ಮಾಡುತ್ತ ಬದುಕತೊಡಗುತ್ತಾಳೆ.

ಈ ಸಾವಿನ ತನಿಖೆ ಸಾರ್ಜೆಂಟ್ ಡೇವ್ ಬ್ಯಾನಿಯನ್‌ನ ಪಾಲಿಗೆ ಬರುತ್ತದೆ. ಬರ್ತಾ ಹೇಳಿದಂತೆ ಡಂಕನ್‌ಗೆ ಕಾಯಿಲೆಯೇನೂ ಇರಲಿಲ್ಲ, ಅವನು ವಿಚ್ಛೇದನ ಪಡೆದು ತನ್ನನ್ನು ಮದುವೆಯಾಗುವವನಿದ್ದ ಎಂದು ಲೂಸಿ ಚಾಪ್‌ಮನ್ ಎಂಬ ಬಾರ್‌ ಹುಡುಗಿ ಬ್ಯಾನಿಯನ್‌ಗೆ ತಿಳಿಸುತ್ತಾಳೆ. ಬ್ಯಾನಿಯನ್ ಅವಳನ್ನು ಪೂರ್ತಿ ನಂಬದೆ, ಅವಳು ಹೇಳಿದ್ದನ್ನು ನೇರವಾಗಿ ಬರ್ತಾಳ ಮುಂದಿಡುತ್ತಾನೆ. ಸ್ವಲ್ಪದರಲ್ಲೇ ಲೂಸಿಯ ಹೆಣ ಊರ ಹೊರಗಿನ ರಸ್ತೆಯ ಬದಿಯಲ್ಲಿ, ಮೈಮೇಲೆ ಸಿಗರೇಟಿನ ಸುಟ್ಟ ಗಾಯಗಳೊಂದಿಗೆ ಸಿಗುತ್ತದೆ. ಬ್ಯಾನಿಯನ್ ಇನ್ನೂ ಕೆದಕುತ್ತಾನೆ. ಮನೆಗೆ ಬೆದರಿಕೆಯ ಕರೆ ಬರುತ್ತದೆ, ಅದನ್ನು ಅವನ ಹೆಂಡತಿ ಕೇಟಿ ಕೇಳಿಸಿಕೊಳ್ಳುತ್ತಾಳೆ. ಸಿಟ್ಟಿಗೆದ್ದ ಬ್ಯಾನಿಯನ್ ನೇರವಾಗಿ ಲಗಾನಾನ ಬಂಗಲೆಗೇ ನುಗ್ಗುತ್ತಾನೆ. ಒಳಗೆ ಲಗಾನಾನ ಮಗಳ ಸಮಾರಂಭ ನಡೆದಿರುತ್ತದೆ, ಗೋಡೆಯ ಮೇಲೆ ಅವನ ತಾಯಿಯ ದೊಡ್ಡ ಭಾವಚಿತ್ರ ತೂಗುತ್ತಿರುತ್ತದೆ. ಬ್ಯಾನಿಯನ್ ಅವನಿಗೆ ಮುಖಕ್ಕೆ ಹೊಡೆದಂತೆ ಮಾತಾಡಿ, ಅಡ್ಡ ಬಂದ ಅಂಗರಕ್ಷಕನನ್ನು ಬಡಿದು ಬರುತ್ತಾನೆ. ಬಳಿಕ ಒಂದು ರಾತ್ರಿ ಕೇಟಿ ಕಾರಿನ ಕೀಲಿಕೈ ಕೇಳಿ ಇಸಿದುಕೊಂಡು ಹೊರಗೆ ಹೋಗುತ್ತಾಳೆ. ಬ್ಯಾನಿಯನ್ ಮಗಳ ಹಾಸಿಗೆಯ ಬಳಿ ಕುಳಿತಿರುವಾಗ ಕಿಟಕಿಯಾಚೆ ಬೆಳಕು ಸಿಡಿಯುತ್ತದೆ. ಅವನಿಗೆಂದು ಇಟ್ಟ ಸ್ಫೋಟಕಕ್ಕೆ ಅವಳು ಬಲಿಯಾಗುತ್ತಾಳೆ.

ಪೊಲೀಸ್ ಕಮಿಷನರ್ ಹಿಗ್ಗಿನ್ಸ್ ಲಗಾನಾನ ಮನುಷ್ಯನೆಂದು ಬ್ಯಾನಿಯನ್ ಅವನ ಎದುರಿಗೇ ಆರೋಪಿಸಿ ಅಮಾನತ್ತಾಗುತ್ತಾನೆ. ಬಿಲ್ಲೆಯನ್ನು ಮೇಜಿನ ಮೇಲಿಡುತ್ತಾನೆ, ಆದರೆ ಪಿಸ್ತೂಲನ್ನು ಒಪ್ಪಿಸುವುದಿಲ್ಲ. ಅದು ಇಲಾಖೆಯದಲ್ಲ, ತಾನು ಹಣ ಕೊಟ್ಟು ಕೊಂಡದ್ದು ಎನ್ನುತ್ತಾನೆ. ಕಾನೂನಿನ ಅಧಿಕಾರ ಮೇಜಿನ ಮೇಲೆ ಉಳಿಯಿತು, ಕೊಲ್ಲುವ ಶಕ್ತಿ ಸ್ವಂತ ಆಸ್ತಿಯಾಗಿ ಅವನೊಡನೆ ಹೊರಗೆ ನಡೆಯಿತು. ಚಿತ್ರದ ಉತ್ತರಾರ್ಧವೆಲ್ಲ ಈ ಒಂದು ವಿಂಗಡಣೆಯ ಪರಿಣಾಮ.

ಇಲ್ಲಿಂದ ಮುಂದೆ ಡೆಬಿ ಮಾರ್ಶ್ ಬರುತ್ತಾಳೆ. ಲಗಾನಾನ ಬಲಗೈ ವಿನ್ಸ್ ಸ್ಟೋನ್‌ನ ಜೊತೆ ಇರುವವಳು ಅವಳು. ಕನ್ನಡಿ, ಮದ್ಯ, ಬೆಲೆಬಾಳುವ ತುಪ್ಪಳದ ಕೋಟು, ಇವೇ ಅವಳ ಲೋಕ. ವಿನ್ಸ್ ಬಾರ್‌ನಲ್ಲಿ ಒಬ್ಬ ಹೆಂಗಸಿನ ಕೈಯನ್ನು ಸಿಗರೇಟಿನಿಂದ ಸುಟ್ಟಾಗ ಬ್ಯಾನಿಯನ್ ಅವನನ್ನು ಎಲ್ಲರೆದುರು ತಗ್ಗಿಸಿ ಹೊರಗಟ್ಟುತ್ತಾನೆ. ಅದನ್ನು ಕಂಡು ಕುತೂಹಲಗೊಂಡ ಡೆಬಿ ಬ್ಯಾನಿಯನ್‌ನ ಹೋಟೆಲ್ ಕೋಣೆಯವರೆಗೆ ಅವನ ಜೊತೆ ಹೋಗುತ್ತಾಳೆ. ಅಲ್ಲಿ ಏನೂ ನಡೆಯುವುದಿಲ್ಲ. ಕೇಟಿ ಹೇಗಿದ್ದಳು ಎಂದು ಅವಳು ಕೇಳಿದರೆ ಅವನು ಮುಖ ಗಂಟಿಕ್ಕಿಕೊಳ್ಳುತ್ತಾನೆ. ಆದರೆ ಅವಳು ಅಲ್ಲಿಗೆ ಹೋದ ಸುದ್ದಿ ವಿನ್ಸ್‌ಗೆ ಮುಟ್ಟಿ, ಅವನು ಕುದಿಯುವ ಕಾಫಿಯನ್ನು ಅವಳ ಮುಖಕ್ಕೆ ಎರಚುತ್ತಾನೆ. ಪಕ್ಕದಲ್ಲಿ ಇಸ್ಪೀಟು ಆಡುತ್ತ ಕುಳಿತವರಲ್ಲಿ ಕಮಿಷನರ್ ಹಿಗ್ಗಿನ್ಸ್ ಕೂಡ ಇದ್ದಾನೆ. ಅವಳನ್ನು ವೈದ್ಯರ ಬಳಿಗೆ ಕರೆದೊಯ್ಯುವ ಅಪ್ಪಣೆ ಸಿಗುವುದು ಅವನಿಗೇ.

ಅರ್ಧ ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಡೆಬಿ ಬ್ಯಾನಿಯನ್‌ನ ಆಶ್ರಯಕ್ಕೆ ಬರುತ್ತಾಳೆ ಮತ್ತು ಸ್ಫೋಟಕ ಇಟ್ಟವನ ಹೆಸರು ಲ್ಯಾರಿ ಗೋರ್ಡನ್ ಎಂದು ತಿಳಿಸುತ್ತಾಳೆ. ಬ್ಯಾನಿಯನ್ ಲ್ಯಾರಿಯ ಕೊರಳು ಹಿಸುಕಿ ಬಾಯಿ ಬಿಡಿಸುತ್ತಾನೆ. ಕೊಲ್ಲುವುದಿಲ್ಲ, ‘ನೀನು ಬಾಯಿಬಿಟ್ಟೆ ಎಂದು ಸುದ್ದಿ ಹಬ್ಬಿಸುತ್ತೇನೆ’ ಎಂದು ಹೇಳಿ ಬಿಟ್ಟುಬಿಡುತ್ತಾನೆ. ಲ್ಯಾರಿಯನ್ನು ಅವನ ಕಡೆಯವರೇ ಮುಗಿಸುತ್ತಾರೆ. ಬ್ಯಾನಿಯನ್ ಅಲ್ಲಿಂದ ಬರ್ತಾಳ ಮನೆಗೆ ಹೋಗಿ ಅವಳ ಕೊರಳಿಗೂ ಕೈ ಹಾಕುತ್ತಾನೆ. ಪೊಲೀಸರು ಬಂದು ತಡೆಯದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಹೋಟೆಲಿಗೆ ಮರಳಿ, ಅವಳನ್ನು ಇನ್ನೇನು ಕೊಂದೇಬಿಡುತ್ತಿದ್ದೆ ಎಂದು ಡೆಬಿಗೆ ಹೇಳುತ್ತಾನೆ. ಬರ್ತಾ ಸತ್ತರೆ ಪತ್ರ ಹೊರಬೀಳುತ್ತದೆ ಎಂಬುದೂ ಆ ಮಾತಿನಲ್ಲಿ ಬರುತ್ತದೆ. ಕೊಂದಿದ್ದರೆ ನಿನಗೂ ವಿನ್ಸ್‌ಗೂ ಅಂತರವೇ ಇರುತ್ತಿರಲಿಲ್ಲ ಎಂದು ಡೆಬಿ ಉತ್ತರಿಸುತ್ತಾಳೆ. ಹೊರಡುವಾಗ ಬ್ಯಾನಿಯನ್ ಅವಳ ಬಳಿ ಒಂದು ಪಿಸ್ತೂಲನ್ನು ಬಿಟ್ಟುಹೋಗುತ್ತಾನೆ.

ಡೆಬಿ ಆ ಪಿಸ್ತೂಲಿನೊಂದಿಗೆ ಬರ್ತಾಳ ಮನೆಗೆ ಹೋಗುತ್ತಾಳೆ. ಇಬ್ಬರ ಮೈಮೇಲೂ ತುಪ್ಪಳದ ಕೋಟು. ಈ ಕೋಟಿನೊಳಗೆ ನಾವಿಬ್ಬರೂ ಅಕ್ಕತಂಗಿಯರು ಎನ್ನುತ್ತಾಳೆ, ಗುಂಡು ಹಾರಿಸುತ್ತಾಳೆ. ಅಲ್ಲಿಂದ ವಿನ್ಸ್‌ನ ಮನೆಗೆ ಹೋಗಿ ಕಾದಿದ್ದು, ಅವನ ಮುಖಕ್ಕೆ ಕುದಿಯುವ ಕಾಫಿ ಎರಚಿ, ತನ್ನ ಪಟ್ಟಿಯನ್ನು ಕಿತ್ತು ಸುಟ್ಟ ಮುಖವನ್ನು ತೋರಿಸುತ್ತಾಳೆ. ವಿನ್ಸ್ ಅವಳಿಗೆ ಗುಂಡಿಕ್ಕುತ್ತಾನೆ. ಅಷ್ಟರಲ್ಲಿ ಬಂದ ಬ್ಯಾನಿಯನ್ ಅವನನ್ನು ಸೋಲಿಸುತ್ತಾನೆ. ಕೊಂದುಬಿಡು ಎಂದು ವಿನ್ಸ್ ಅರಚಿದರೂ ಕೊಲ್ಲದೆ ಕಾನೂನಿಗೆ ಒಪ್ಪಿಸುತ್ತಾನೆ. ಪತ್ರ ಬಯಲಾಗಿ ಲಗಾನಾ ಮತ್ತು ಹಿಗ್ಗಿನ್ಸ್ ಮೇಲೆ ದೋಷಾರೋಪ ಹೊರಿಸಲಾಗುತ್ತದೆ. ಬ್ಯಾನಿಯನ್ ತನ್ನ ಹಳೆಯ ಮೇಜಿಗೆ ಮರಳುತ್ತಾನೆ.

ತಡೆಹಿಡಿದ ಕೈ, ಹಾರಿಸಿದ ಕೈ

ಕಾಗದದ ಮೇಲೆ ನೋಡಿದರೆ ಸಂಹಿತೆಯ ನಿಯಮಕ್ಕೆ ಇಲ್ಲಿ ಲೋಪವಾಗಿಲ್ಲ. ನಾಯಕ ಯಾರನ್ನೂ ಕೊಲ್ಲಲಿಲ್ಲ. ಸಿಟ್ಟಿನ ಉಬ್ಬರದಲ್ಲಿ ಮೂರು ಸಲ ಕೊಲೆಯ ಅಂಚಿಗೆ ಹೋದ, ಲ್ಯಾರಿಯ ಕೊರಳಿಂದ, ಬರ್ತಾಳ ಕೊರಳಿಂದ, ಕೊನೆಗೆ ವಿನ್ಸ್‌ನೆದುರು ಹಿಡಿದ ಪಿಸ್ತೂಲಿನಿಂದ ಹಿಂದೆ ಸರಿದ. ಕೊಂದ ಹೆಂಗಸು ಸತ್ತಳು, ಆದ್ದರಿಂದ ಕೊಲೆಗೆ ಶಿಕ್ಷೆಯೂ ಆಯಿತು. ಅಪರಾಧಿಗಳು ನ್ಯಾಯಾಲಯದ ಮುಂದೆ ಬಂದರು. ಯಾವ ಪರಿಶೀಲಕನೂ ಇದರಲ್ಲಿ ತಪ್ಪು ಹುಡುಕಲಾರ.

ಆದರೆ ಕತೆಯ ಯಂತ್ರವನ್ನು ಬಿಚ್ಚಿ ನೋಡಿದರೆ ಬೇರೆಯೇ ಲೆಕ್ಕ ಸಿಗುತ್ತದೆ. ಲಗಾನಾನ ಸಾಮ್ರಾಜ್ಯ ಕುಸಿಯಲು ಪತ್ರ ಬಯಲಾಗಬೇಕು, ಪತ್ರ ಬಯಲಾಗಲು ಬರ್ತಾ ಸಾಯಬೇಕು, ಬರ್ತಾ ಸಾಯಲು ಯಾರಾದರೂ ಕೊಲ್ಲಬೇಕು. ಚಿತ್ರಕಥೆ ನ್ಯಾಯದ ಬಾಗಿಲಿಗೆ ಹಾಕಿದ ಬೀಗಕ್ಕೆ ಕೊಲೆಯೊಂದೇ ಕೀಲಿ. ಬೇರೆ ದಾರಿಯಲ್ಲಿ ಪತ್ರ ಸಿಗುವಂತೆ ಕತೆ ಕಟ್ಟುವುದು ಬೋಮ್ ಅವರಂಥ ಅನುಭವಿಗೆ ಕಷ್ಟವಿರಲಿಲ್ಲ. ಬ್ಯಾಂಕಿನ ಪೆಟ್ಟಿಗೆಯನ್ನು ತೆರೆಸುವ ನ್ಯಾಯಾಲಯದ ಆದೇಶವೋ, ಹೆದರಿ ಬಾಯಿಬಿಡುವ ಗುಮಾಸ್ತನೋ ಸಾಕಿತ್ತು. ಅವರು ಹಾಗೆ ಮಾಡಲಿಲ್ಲ. ಸಂಹಿತೆ ಸಮರ್ಥಿಸಬಾರದೆಂದ ಕೃತ್ಯವನ್ನು ಚಿತ್ರ ಬಾಯಿಮಾತಿನಲ್ಲಿ ಸಮರ್ಥಿಸುವುದಿಲ್ಲ, ಆದರೆ ಅದಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗದಂತೆ ಕತೆಯನ್ನು ಕಟ್ಟುತ್ತದೆ. ಇದು ಸಮರ್ಥನೆಗಿಂತ ಆಳವಾದ ಒಪ್ಪಿಗೆ ಎಂದು ನನಗನ್ನಿಸುತ್ತದೆ.

ಹಾಗಾಗಿ ಸೇಡು ತೀರಿಸಿಕೊಳ್ಳುವ ಒಬ್ಬನನ್ನು ಚಿತ್ರ ಇಬ್ಬರಾಗಿ ಒಡೆಯುತ್ತದೆ. ಹಗೆ, ದುಃಖ, ಕಾರಣ, ನೈತಿಕ ಹಕ್ಕು ಇವೆಲ್ಲ ಬ್ಯಾನಿಯನ್‌ನ ಪಾಲಿಗೆ. ಗುಂಡು, ರಕ್ತ, ಪಾಪ, ಸಾವು ಡೆಬಿಯ ಪಾಲಿಗೆ. ಅವನು ಆಡಿದ ಮಾತನ್ನು ಅವಳು ಮಾಡಿ ತೋರಿಸುತ್ತಾಳೆ. ರನ್ನನ ‘ಗದಾಯುದ್ಧ’ವನ್ನು ಓದಿದವರಿಗೆ ಇದರ ವಿಚಿತ್ರ ಕೂಡಲೇ ಕಾಣುತ್ತದೆ: ಅಲ್ಲಿ ದ್ರೌಪದಿಯ ಅಪಮಾನದ ಉರಿಯನ್ನು ಭೀಮ ತನ್ನ ತೋಳಿಗೆ ತಂದುಕೊಂಡು, ಶಪಥ ಮಾಡಿದವನೇ ಅದನ್ನು ತೀರಿಸಿ, ಅದರ ಭಾರವನ್ನೂ ತಾನೇ ಹೊರುತ್ತಾನೆ. ಇಲ್ಲಿ ಶಪಥ ಗಂಡಸಿನದು, ಅದನ್ನು ತೀರಿಸುವ ಕೆಲಸ ಅವನಿಗೆ ಏನೂ ಅಲ್ಲದ, ಅವನಿಂದ ಒಂದು ಒಳ್ಳೆಯ ಮಾತನ್ನೂ ಸರಿಯಾಗಿ ಪಡೆಯದ ಒಬ್ಬ ಹೆಂಗಸಿನದು.

ಬ್ಯಾನಿಯನ್ ಬೇಕೆಂದೇ ಡೆಬಿಯನ್ನು ಕೊಲೆಗೆ ಕಳಿಸಿದನೆಂದು ಓದುವವರಿದ್ದಾರೆ. ಪತ್ರದ ಗುಟ್ಟನ್ನು ಹೇಳಿ, ಪಕ್ಕದಲ್ಲಿ ಪಿಸ್ತೂಲು ಬಿಟ್ಟು ಹೋದವನ ಉದ್ದೇಶ ಇನ್ನೇನಿದ್ದೀತು ಎಂಬುದು ಅವರ ವಾದ. ಅದನ್ನು ನಾನು ಒಪ್ಪಲಾರೆ. ಗ್ಲೆನ್ ಫೋರ್ಡ್ ಆ ದೃಶ್ಯವನ್ನು ಆಡಿರುವ ರೀತಿಯಲ್ಲಿ ಹೂಟದ ಸುಳಿವಿಲ್ಲ. ಇರುವುದು ದಣಿವು, ತನ್ನ ಬಗ್ಗೆಯೇ ಹುಟ್ಟಿದ ಅಸಹ್ಯ, ಮತ್ತು ಒಂಟಿ ಹೆಂಗಸಿಗೆ ರಕ್ಷಣೆಗೆ ಏನಾದರೂ ಇರಲೆಂಬ ಒರಟು ಕಾಳಜಿ. ಆದರೆ ಅದರಿಂದ ಅವನ ಹೊಣೆ ಕಡಿಮೆಯಾಗುವುದಿಲ್ಲ. ಎದುರಿಗಿರುವವರ ಮೇಲೆ ತನ್ನ ಮಾತಿನ ಪರಿಣಾಮ ಏನಾದೀತು ಎಂದು ಯೋಚಿಸದಿರುವುದು ಅವನಿಗೆ ಚಿತ್ರದುದ್ದಕ್ಕೂ ಅಂಟಿಕೊಂಡ ಗುಣ. ಲೂಸಿ ಹೇಳಿದ್ದನ್ನು ಬರ್ತಾಳ ಮುಂದೆ ಹೇಳಿದ, ಲೂಸಿ ಸತ್ತಳು. ಲಗಾನಾನ ಮನೆಗೆ ನುಗ್ಗಿ ಅವಮಾನಿಸಿದ, ಕೇಟಿ ಸತ್ತಳು. ಡೆಬಿಯನ್ನು ಎಲ್ಲರೂ ಕಾಣುವಂತೆ ತನ್ನ ಕೋಣೆಗೆ ಬರಲು ಬಿಟ್ಟ, ಅವಳ ಮುಖ ಸುಟ್ಟಿತು. ಬರ್ತಾಳ ಗುಟ್ಟನ್ನು ಡೆಬಿಗೆ ಹೇಳಿದ, ಇಬ್ಬರೂ ಸತ್ತರು. ಈ ನಾಲ್ಕೂ ಸಂದರ್ಭಗಳಲ್ಲಿ ಅವನ ಸಿಟ್ಟು ನ್ಯಾಯವಾದದ್ದೇ, ಉದ್ದೇಶ ಕೆಟ್ಟದ್ದಲ್ಲ. ನ್ಯಾಯವಾದ ಸಿಟ್ಟು ಕೂಡ ತನಗೆ ಎದುರಾದವರನ್ನು ಸುಟ್ಟು ಹೋಗಬಲ್ಲದು ಎಂಬ ಕಠೋರ ಸತ್ಯವನ್ನು ಲ್ಯಾಂಗ್ ಯಾರ ಬಾಯಲ್ಲೂ ಹೇಳಿಸದೆ, ಘಟನೆಗಳ ಜೋಡಣೆಯಲ್ಲೇ ಇಟ್ಟಿದ್ದಾರೆ. ಈ ಸಂದರ್ಭಗಳಲ್ಲಿ ಸತ್ತವರೆಲ್ಲ ಹೆಂಗಸರೆಂಬುದನ್ನು ಆಕಸ್ಮಿಕವೆಂದು ತಳ್ಳಿಹಾಕಲು ನನಗೆ ಸಾಧ್ಯವಾಗುವುದಿಲ್ಲ.

ಕಾಣಿಸಿದ್ದು, ಕಾಣಿಸದೆ ಉಳಿದದ್ದು

ಈ ಚಿತ್ರದ ಹಿಂಸೆಯನ್ನು ಗಮನವಿಟ್ಟು ನೋಡಿದರೆ ಒಂದು ವ್ಯವಸ್ಥೆ ಕಾಣುತ್ತದೆ. ಲೂಸಿಯ ಕೊಲೆ ತೆರೆಯ ಮೇಲಿಲ್ಲ, ಅದರ ವರದಿಯಷ್ಟೇ ಇದೆ. ಕೇಟಿಯ ಸಾವು ಕಿಟಕಿಯ ಹೊರಗೆ ಸಿಡಿದ ಬೆಳಕು. ಲ್ಯಾರಿಯ ಕೊಲೆಯೂ ಮರೆಯಲ್ಲೇ ಮುಗಿಯುತ್ತದೆ. ಡೆಬಿಯ ಮುಖಕ್ಕೆ ಬಿದ್ದ ಕಾಫಿಯೂ ಕಾಣುವುದಿಲ್ಲ: ಒಲೆಯ ಮೇಲೆ ಬುಸುಗುಟ್ಟುವ ಗಾಜಿನ ಪಾತ್ರೆ ಕಾಣುತ್ತದೆ, ವಿನ್ಸ್ ಅದನ್ನು ಎತ್ತಿಕೊಳ್ಳುತ್ತಾನೆ, ಆಮೇಲೆ ಕೇಳುವುದು ಚೀರಾಟವೊಂದೇ. ಖಳರು ಮಾಡಿದ ಘೋರ ಕೃತ್ಯಗಳ ಬಹುಪಾಲು ಹೀಗೆ ಚೌಕಟ್ಟಿನ ಹೊರಗೇ ನಡೆದುಹೋಗುತ್ತವೆ. ಆದರೆ ಡೆಬಿ ಬರ್ತಾಳಿಗೆ ಗುಂಡಿಕ್ಕುವುದು ನಮ್ಮ ಕಣ್ಣೆದುರಿಗೇ. ವಿನ್ಸ್ ಕತ್ತಲ ಕೋಣೆಗೆ ಕಾಲಿಟ್ಟಾಗ ಅವನ ಮುಖಕ್ಕೆ ಕಾಫಿ ಬಂದು ಅಪ್ಪಳಿಸುವುದನ್ನೂ ನಾವು ನೋಡುತ್ತೇವೆ, ಅವನು ನೆಲಕ್ಕೆ ಬಿದ್ದು ಒದ್ದಾಡುವುದನ್ನೂ ನೋಡುತ್ತೇವೆ. ಸೆನ್ಸಾರಿನ ಭಯವಷ್ಟೇ ಕಾರಣವಾಗಿದ್ದರೆ ಎರಡನೆಯ ಕಾಫಿಯನ್ನೂ ಮರೆಮಾಡಬೇಕಿತ್ತು. ಪ್ರೇಕ್ಷಕ ಯಾವುದಕ್ಕಾಗಿ ಹಂಬಲಿಸುತ್ತ ಕುಳಿತಿದ್ದಾನೋ ಅದನ್ನೇ ಲ್ಯಾಂಗ್ ಅವನ ಮುಂದೆ ಬೆಳಕಿಗೆ ತಂದು, ನೀನು ಬಯಸಿದ್ದು ನೋಡಲು ಹೀಗಿರುತ್ತದೆ ಎನ್ನುತ್ತಾರೆ. ಆ ಕ್ಷಣದಲ್ಲಿ ಹುಟ್ಟುವ ತೃಪ್ತಿಯಲ್ಲಿ ಒಂದು ನಾಚಿಕೆಯೂ ಬೆರೆತಿರುತ್ತದೆ. ಪ್ರತಿಸಲ ನೋಡಿದಾಗಲೂ ನನಗೆ ಹಾಗಾಗಿದೆ.

ವಸ್ತುಗಳೂ ಹೀಗೆಯೇ ಕೈ ಬದಲಾಯಿಸುತ್ತವೆ. ಚಿತ್ರದ ಆರಂಭದಲ್ಲಿ ಬ್ಯಾನಿಯನ್ ದಂಪತಿಗಳ ಅಡುಗೆಮನೆಯಲ್ಲಿ ನಡೆಯುವ ಒಂದು ಸಣ್ಣ ದೃಶ್ಯವಿದೆ. ಗಂಡ ಸೇದುತ್ತಿರುವ ಸಿಗರೇಟನ್ನು ಕೇಟಿ ತೆಗೆದುಕೊಂಡು ಒಂದು ದಮ್ಮು ಎಳೆಯುತ್ತಾಳೆ, ಅವನ ಲೋಟದಿಂದ ಒಂದು ಗುಟುಕು ಕುಡಿಯುತ್ತಾಳೆ, ಅವನ ತಟ್ಟೆಯ ಮಾಂಸದಲ್ಲಿ ಪಾಲು ಕೇಳುತ್ತಾಳೆ. ಜೋಸೆಲಿನ್ ಬ್ರ್ಯಾಂಡೊ ಇದನ್ನು ಎಷ್ಟು ಸಲೀಸಾಗಿ ಮಾಡುತ್ತಾರೆಂದರೆ, ಅಭಿನಯವೆಂಬುದೇ ಮರೆತುಹೋಗಿ, ವರ್ಷಗಟ್ಟಲೆ ಜೊತೆಗೆ ಬಾಳಿದವರ ಸಲುಗೆ ಮಾತ್ರ ಉಳಿಯುತ್ತದೆ. ಅದೇ ಸಿಗರೇಟು ಲೂಸಿಯ ಮೈಮೇಲೆ, ಆಮೇಲೆ ಬಾರ್‌ನ ಹೆಂಗಸಿನ ಕೈಮೇಲೆ ಹಿಂಸೆಯ ಸಾಧನವಾಗಿ ಬರುತ್ತದೆ. ಬ್ಯಾನಿಯನ್ ಮನೆಯ ದೃಶ್ಯಗಳಲ್ಲಿ ಚಾರ್ಲ್ಸ್ ಲ್ಯಾಂಗ್ ಬೆಳಕನ್ನು ಧಾರಾಳವಾಗಿ ತುಂಬಿದ್ದಾರೆ. ನ್ವಾರ್ ಎಂದ ಕೂಡಲೇ ನೆನಪಾಗುವ ಕಡುಗಪ್ಪು ನೆರಳು ಅಲ್ಲಿಲ್ಲ. ಕೇಟಿ ಸತ್ತ ಮೇಲೆ ಬ್ಯಾನಿಯನ್ ಆ ಮನೆಯನ್ನು ಬಿಡುವಾಗ ಸಾಮಾನು ಸಾಗಿಸಿ ಬರಿದಾದ ಅದೇ ಅಡುಗೆಮನೆಯನ್ನು ಒಮ್ಮೆ ನೋಡಿ ಹೋಗುತ್ತಾನೆ. ಸೇಡಿನ ಕತೆಗಳು ಸಾಮಾನ್ಯವಾಗಿ ಕಳೆದುಕೊಂಡದ್ದರ ಬೆಲೆಯನ್ನು ಅಳುವಿನಿಂದ, ಶಪಥದಿಂದ ಅಳೆಯುತ್ತವೆ. ಇಲ್ಲಿ ಕಳೆದುಹೋದದ್ದು ತಟ್ಟೆಯಲ್ಲಿ ಪಾಲು ಕೇಳುವ ಒಂದು ಹಕ್ಕು ಎಂದು ನಮಗೆ ಮೊದಲೇ ತೋರಿಸಿರುವುದರಿಂದ, ಬ್ಯಾನಿಯನ್ ಒಂದು ಹನಿ ಕಣ್ಣೀರನ್ನು ಹಾಕದಿದ್ದರೂ ಅವನ ಹಗೆಯ ಆಳ ಅರಿವಾಗುತ್ತದೆ.

ಡೆಬಿಯ ಪಾತ್ರದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಇದರ ಹಿಂದಿನ ವರ್ಷದ ಒಂದು ಚಿತ್ರಕ್ಕೆ ಅತ್ಯುತ್ತಮ ಪೋಷಕ ನಟಿಯ ಆಸ್ಕರ್ ಪಡೆದಿದ್ದ ಗ್ಲೋರಿಯಾ ಗ್ರಹಾಂ, ಪೊಳ್ಳೆಂದು ಎಲ್ಲರೂ ತಿಳಿಯುವ ಹೆಣ್ಣಿನೊಳಗೆ ಹರಿತವಾದ ಬುದ್ಧಿಯೊಂದನ್ನು ಮೊದಲಿನಿಂದಲೂ ಮಿನುಗಿಸುತ್ತಿರುತ್ತಾರೆ. ಲಗಾನಾ ಕರೆದ ಕೂಡಲೇ ಬಾಲವಾಡಿಸುವ ವಿನ್ಸ್‌ನನ್ನು ಅವಳು ಹಾಸ್ಯ ಮಾಡುವುದರಲ್ಲಿ, ಈ ಗುಂಪಿನಲ್ಲಿ ಯಾರು ಯಾರಿಗೆ ಗುಲಾಮರೆಂಬುದು ಅವಳಿಗೆ ಚೆನ್ನಾಗಿ ಗೊತ್ತಿದೆ ಎಂಬುದು ಸ್ಪಷ್ಟ. ಹಾಗಾಗಿ ಅವಳು ಬರ್ತಾಳನ್ನು ಕೊಲ್ಲುವುದನ್ನು ಬ್ಯಾನಿಯನ್ ಮೇಲಿನ ಪ್ರೀತಿಯ ಕಾಣಿಕೆ ಎಂದು ಮಾತ್ರ ನೋಡಿದರೆ ಅವಳಿಗೆ ಅನ್ಯಾಯ ಮಾಡಿದಂತೆ. ಆ ಎರಡು ತುಪ್ಪಳದ ಕೋಟುಗಳು ಎದುರುಬದುರಾದಾಗ ಅವಳು ನೋಡುತ್ತಿರುವುದು ತನ್ನನ್ನೇ. ಕಂಡದ್ದನ್ನು ಕಾಣದಂತೆ ಇದ್ದುಬಿಟ್ಟು, ಅದಕ್ಕೆ ಪ್ರತಿಯಾಗಿ ಸುಖವಾಗಿ ಬದುಕಿದವರು ಇಬ್ಬರೂ. ಬರ್ತಾ ಅದನ್ನು ವ್ಯಾಪಾರವನ್ನಾಗಿ ಮಾಡಿಕೊಂಡಳು, ಡೆಬಿ ಅದನ್ನು ಅಭ್ಯಾಸವನ್ನಾಗಿ ಮಾಡಿಕೊಂಡಿದ್ದಳು. ಬರ್ತಾಳ ಮೇಲಿನ ಗುಂಡು ಒಂದು ನಗರದ ಮೌನದ ಮೇಲೆ ಹಾರಿದ ಗುಂಡು, ಅದರಲ್ಲಿ ಡೆಬಿಯ ಸ್ವಂತ ಮೌನವೂ ಸೇರಿದೆ. ವಿನ್ಸ್‌ಗೆ ಎರಚಿದ ಕಾಫಿ ಮಾತ್ರ ಶುದ್ಧವಾಗಿ ಅವಳದೇ ಸೇಡು, ಮುಯ್ಯಿಗೆ ಮುಯ್ಯಿ. ಒಂದೇ ರಾತ್ರಿಯಲ್ಲಿ ಅವಳು ಎರಡು ಬೇರೆ ಬೇರೆ ಲೆಕ್ಕಗಳನ್ನು ಚುಕ್ತಾ ಮಾಡುತ್ತಾಳೆ.

ಸಾಯುವಾಗ ಅವಳು ಸುಟ್ಟ ಅರ್ಧ ಮುಖವನ್ನು ಕೋಟಿನಲ್ಲಿ ಮರೆಮಾಡಿಕೊಳ್ಳುತ್ತಾಳೆ. ಹೋಟೆಲ್ ಕೋಣೆಯಲ್ಲಿ ಅವಳಿಗೆ ಉತ್ತರಿಸದ ಬ್ಯಾನಿಯನ್ ಈಗ ಕೇಟಿಯ ಬಗ್ಗೆ ಮಾತಾಡುತ್ತಾನೆ, ಅವಳು ಹೇಗೆ ಸಿಡುಕುತ್ತಿದ್ದಳು, ಹೇಗೆ ನಗುತ್ತಿದ್ದಳು ಎಂದು. ಸೇಡಿನ ದಾರಿ ಹಿಡಿದ ಮೇಲೆ ಅವನು ತನ್ನ ಹೆಂಡತಿಯನ್ನು ಹೆಂಡತಿಯಾಗಿ ನೆನೆದ ಕ್ಷಣ ಇದೊಂದೇ. ಅಲ್ಲಿಯವರೆಗೂ ಅವಳು ಅವನಿಗೆ ಒಂದು ಕಾರಣವಾಗಿ ಮಾತ್ರ ಉಳಿದಿದ್ದಳು.

ಮಾರಾಟವಾದ ಕಾನೂನು

ಈ ಚಿತ್ರ ಬಂದ ಹೊತ್ತನ್ನು ಮರೆಯಬಾರದು. ಟೆನೆಸಿಯ ಸೆನೆಟರ್ ಎಸ್ಟೆಸ್ ಕೆಫಾವರ್ ಅವರ ನೇತೃತ್ವದ ಸಮಿತಿ 1950 ಮತ್ತು 1951ರಲ್ಲಿ ಊರೂರಿಗೆ ಹೋಗಿ ಸಂಘಟಿತ ಅಪರಾಧದ ಬಗ್ಗೆ ವಿಚಾರಣೆ ನಡೆಸಿತ್ತು. ಆಗಷ್ಟೇ ಮನೆಗಳಿಗೆ ಬರುತ್ತಿದ್ದ ಟೆಲಿವಿಷನ್ನಿನಲ್ಲಿ ಅದು ನೇರವಾಗಿ ಪ್ರಸಾರವಾಯಿತು. ನ್ಯೂಯಾರ್ಕಿನ ವಿಚಾರಣೆಯಲ್ಲಿ ಪಾತಕಲೋಕದ ಮುಖಂಡ ಫ್ರಾಂಕ್ ಕಾಸ್ಟೆಲೋ ತನ್ನ ಮುಖ ತೋರಿಸಬಾರದೆಂದು ಹಟ ಹಿಡಿದದ್ದರಿಂದ ಕ್ಯಾಮೆರಾ ಅವನ ಚಡಪಡಿಸುವ ಕೈಗಳನ್ನಷ್ಟೇ ತೋರಿಸಿತು. ಪಾತಕಿ ಎಂದರೆ ಓಣಿಯಲ್ಲಿ ಅಡಗಿರುವವನಲ್ಲ, ಗೌರವಸ್ಥನಂತೆ ಬದುಕುತ್ತ ಅಧಿಕಾರಿಗಳನ್ನು ಕೊಂಡುಕೊಳ್ಳುವವನು ಎಂಬುದು ಸಾಮಾನ್ಯ ಅಮೆರಿಕನ್ನರಿಗೆ ತಮ್ಮ ಕೋಣೆಯಲ್ಲೇ ಕುಳಿತು ತಿಳಿಯಿತು. ಅಲೆಕ್ಸಾಂಡರ್ ಸ್ಕೋರ್ಬಿ ಆಡಿದ ಲಗಾನಾ ಈ ತಿಳಿವಳಿಕೆಯಿಂದ ಹುಟ್ಟಿದವನು.

ಕಾನೂನೇ ಇಲ್ಲದ ಜಾಗದಲ್ಲಿ ಸೇಡನ್ನು ತೋರಿಸಬಹುದು ಎಂದು ಸಂಹಿತೆ ಬರೆದಾಗ, ಕಾನೂನು ಇದ್ದೂ ಇಲ್ಲದಂತಾದ ಜಾಗದ ಬಗ್ಗೆ ಅದು ಯೋಚಿಸಿರಲಿಲ್ಲ. ಕೆನ್‌ಪೋರ್ಟ್‌ನಲ್ಲಿ ಠಾಣೆಯೂ ಇದೆ, ಕಮಿಷನರೂ ಇದ್ದಾನೆ, ಸಾವಿಗೆ ಕಡತವೂ ತೆರೆಯುತ್ತದೆ. ಆದರೆ ಕಡತ ಎಲ್ಲಿ ಮುಚ್ಚಬೇಕೆಂದು ನಿರ್ಧರಿಸುವವನು ಲಗಾನಾ. ಇಂಥ ನಗರ ಸಂಹಿತೆಯ ಯಾವ ಸಾಲಿನಲ್ಲಿ ಬರುತ್ತದೆ? ಈ ಪ್ರಶ್ನೆಯನ್ನು ಚಿತ್ರ ನೇರವಾಗಿ ಕೇಳುವ ಹಾಗಿರಲಿಲ್ಲ. ಸೇಡನ್ನು ಇಬ್ಬರ ನಡುವೆ ಹಂಚುವ ಉಪಾಯದಿಂದ ಅದನ್ನು ಪರೋಕ್ಷವಾಗಿ ಕೇಳಿತು.

ಚಿತ್ರದಲ್ಲಿ ಸೇಡಿಗೆ ಬದಲಿಯಾಗಿ ಬೇರೆ ಯಾವ ದಾರಿಯೂ ಇಲ್ಲವೇ ಎಂದು ಕೇಳಿದರೆ, ಇದೆ. ಹಳೆಯ ಕಾರುಗಳನ್ನು ಒಡೆದು ಮಾರುವ ಅಂಗಳದಲ್ಲಿ ಕೆಲಸ ಮಾಡುವ, ಊರುಗೋಲು ಹಿಡಿದು ಕುಂಟುತ್ತ ನಡೆಯುವ ಸೆಲ್ಮಾ ಪಾರ್ಕರ್ ಎಂಬ ವಯಸ್ಸಾದ ಹೆಂಗಸು ಅದನ್ನು ತೋರಿಸುತ್ತಾಳೆ. ಅವಳ ಮಾಲೀಕ ಹೆದರಿ ಬಾಯಿ ಮುಚ್ಚಿಕೊಂಡಿರುವಾಗ, ಅವಳು ತಂತಿಬೇಲಿಯ ಬಳಿಗೆ ಬಂದು ತನಗೆ ತಿಳಿದದ್ದನ್ನು ಬ್ಯಾನಿಯನ್‌ಗೆ ಹೇಳುತ್ತಾಳೆ. ಆಮೇಲೆ ಲ್ಯಾರಿಯ ಬಾಗಿಲು ತಟ್ಟಿ ಅವನನ್ನು ಗುರುತಿಸುವುದಕ್ಕೂ ಹಿಂಜರಿಯುವುದಿಲ್ಲ. ಅವಳಿಗೆ ಯಾರ ಮೇಲೂ ಸೇಡಿಲ್ಲ, ಕಂಡದ್ದನ್ನು ಹೇಳಬೇಕೆಂಬುದಷ್ಟೇ ಅವಳ ನಿಲುವು. ಲಗಾನಾನ ಕಡೆಯವರು ಬ್ಯಾನಿಯನ್‌ನ ಮಗಳನ್ನು ಎತ್ತಿಕೊಂಡು ಹೋಗಬಹುದೆಂದು ತಿಳಿದಾಗ ಕಾವಲಿಗೆ ನಿಂತ ಅವನ ನೆಂಟನ ಸೈನ್ಯದ ಗೆಳೆಯರೂ ಇದೇ ಬಗೆಯವರು. ಊರಿನ ಎಲ್ಲರೂ ಹೇಡಿಗಳೆಂದು ನಂಬಿ ಒಂಟಿಯಾಗಿ ಹೊರಟಿದ್ದ ಬ್ಯಾನಿಯನ್‌ನ ನಂಬಿಕೆ ಅವರನ್ನು ಕಂಡು ಅಲುಗುತ್ತದೆ.

ಆದರೆ ಸೆಲ್ಮಾ ಪಾರ್ಕರಳ ಸಾಕ್ಷ್ಯಕ್ಕೆ ಏನಾಯಿತೆಂಬುದನ್ನು ನೋಡಬೇಕು. ಅವಳು ಗುರುತಿಸಿದ ಲ್ಯಾರಿ ಗೋರ್ಡನ್ ಬದುಕಿದ್ದು ಸಾಕ್ಷಿಕಟ್ಟೆಯವರೆಗೆ ಬಂದಿದ್ದರೆ ಕೇಟಿಯ ಕೊಲೆಯ ಎಳೆ ಅವನಿಂದ ವಿನ್ಸ್‌ಗೂ ವಿನ್ಸ್‌ನಿಂದ ಲಗಾನಾನಿಗೂ ಹೋಗುತ್ತಿತ್ತು, ಬರ್ತಾಳ ಪತ್ರದ ಹಂಗೇ ಬೇಕಾಗುತ್ತಿರಲಿಲ್ಲ. ಬಿಲ್ಲೆ ಕಳೆದುಕೊಂಡ ಬ್ಯಾನಿಯನ್‌ಗೆ ಅವನನ್ನು ಬಂಧಿಸುವ ಅಧಿಕಾರವಿರಲಿಲ್ಲ, ಒಪ್ಪಿಸೋಣವೆಂದರೆ ನಂಬಬಹುದಾದ ಠಾಣೆಯೂ ಇರಲಿಲ್ಲ ಎಂಬುದು ನಿಜ. ಆದರೂ ಅವನು ಲ್ಯಾರಿಯನ್ನು ಸಾಕ್ಷಿಯಾಗಿ ಉಳಿಸಿಕೊಳ್ಳುವ ಪ್ರಯತ್ನವನ್ನೇ ಮಾಡಲಿಲ್ಲ. ಬಾಯಿಬಿಟ್ಟನೆಂಬ ಸುದ್ದಿಯನ್ನು ಹಬ್ಬಿಸಿ ಅವನನ್ನು ಅವನ ಒಡೆಯರ ಕೈಗೇ ಒಪ್ಪಿಸಿದ. ಜೀವಕ್ಕೆ ಹೆದರದೆ ಒಬ್ಬ ಮುದುಕಿ ತಂದುಕೊಟ್ಟ ಸಾಕ್ಷ್ಯ ಅಲ್ಲಿಗೆ ವ್ಯರ್ಥವಾಯಿತು, ಮತ್ತು ಲಗಾನಾನನ್ನು ಹಿಡಿಯಲು ಬರ್ತಾಳ ಸಾವೊಂದೇ ದಾರಿಯಾಗಿ ಉಳಿಯಿತು.